ಆರು ಗಂಟೆಯ ಮಿಸ್ಡ್ ಕಾಲ್

2019ರ ಫೆಬ್ರವರಿಯಲ್ಲಿ ನಾನು ಮಾಲೂರು ತಾಲ್ಲೂಕಿನಲ್ಲಿ ಕ್ಷಯರೋಗ ಚಿಕಿತ್ಸೆಯ ಹಿರಿಯ ಮೇಲ್ವಿಚಾರಕನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸರಳ. ಟಿ.ಬಿ. ಇದೆಯೆಂದು ಗೊತ್ತಾದವರು ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗುವಂತೆ ನೋಡಿಕೊಳ್ಳಬೇಕು. ಆ ತಿಂಗಳ ಒಂದು ಮಂಗಳವಾರ ಟೇಕಲ್ ಕಡೆ ಮೂರು ಮನೆ ನೋಡಿಕೊಂಡು ಸಂಜೆ ಕೋಲಾರದ ಮನೆಗೆ ಬಂದೆ. ನನ್ನ ಹೆಂಡತಿ ಸುಗುಣ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಕೈಕಾಲು ತೊಳೆದು ನಾನೂ ಕೂತೆ. ನನ್ನ ಕೈಗೆ ಹುಳ ಬಿದ್ದ ಕಾಯಿಗಳೇ ಬರುತ್ತಿದ್ದವು.

"ಹುಳ ಹುಡ್ಕೋದೇ ನಿಮ್ ಕೆಲ್ಸ ಅಲ್ವಾ, ಅದ್ಕೇ ಸಿಕ್ತಾವೆ" ಎಂದು ನಕ್ಕಳು.

ಮರುದಿನ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಅವಳು ಕುಸಿದು ಬಿದ್ದಳು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಎರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಪ್ರಾರ್ಥನೆ ಮಾಡಿದೆ. ನಮ್ಮದು ಮೂರು ತಲೆಮಾರಿನ ಕ್ರೈಸ್ತ ಮನೆತನ, ಪ್ರಾರ್ಥನೆ ನನಗೆ ಹೊಸದಲ್ಲ. ಯೇಸುವಿನಲ್ಲಿ ಒಂದೇ ಒಂದನ್ನು ಕೇಳಿದೆ. ಶುಕ್ರವಾರ ಅವಳು ಹೋದಳು.

ಹದಿನೈದು ದಿನದ ಮೇಲೆ ಕೆಲಸಕ್ಕೆ ಮರಳಿದೆ. ಭಾನುವಾರ ಚರ್ಚಿಗೆ ಹೋಗುತ್ತಿದ್ದೆ, ಆದರೆ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ನಾನು ತೆರೆದುಕೊಂಡೇ ಇರುತ್ತಿದ್ದೆ. ಸುತ್ತಲಿನ ಮುಖಗಳನ್ನು ನೋಡಿ, ಇವರಲ್ಲಿ ನಿಜವಾಗಿ ನಂಬುವವರು ಎಷ್ಟು ಜನ ಎಂದು ಲೆಕ್ಕ ಹಾಕುತ್ತಿದ್ದೆ.

ಮರಳಿದ ವಾರದಲ್ಲಿ ನನ್ನ ಮೇಜಿಗೆ ಬಂದ ಮೊದಲ ಚಿಕಿತ್ಸಾ ಕಾರ್ಡು ಶಿವಾರಪಟ್ಟಣದ ವೆಂಕಟೇಶಪ್ಪನದು. ವಯಸ್ಸು ನಲವತ್ತಮೂರು, ತೂಕ ನಲವತ್ತೊಂದು ಕೆ.ಜಿ., ಕಲ್ಲುಕೆತ್ತನೆ ಕೆಲಸ. ಅವನ ಮನೆ ತೋರಿಸಲು ಬಂದ ಆಶಾ ಕಾರ್ಯಕರ್ತೆ ಮಂಜುಳಮ್ಮ ದಾರಿಯಲ್ಲೇ ಎಚ್ಚರಿಸಿದರು. "ಸಾರ್, ಆವಪ್ಪ ಎರಡು ವರ್ಷದಿಂದ ಯೇಸು ಕಡೆ ಹೋಗವ್ನೆ. ಎಲ್ಲಾ ಪ್ರಾರ್ಥನೇಲೇ ವಾಸಿ ಆಗ್ತದೆ ಅನ್ನೋ ಜನ ಅವ್ರು. ನೀವು ಬೇಜಾರ್ ಮಾಡ್ಕಬೇಡಿ, ಮಾತ್ರೆ ತಗೊಂತಾನೆ ಅಂತ ನಂಗೆ ನಂಬ್ಕೆ ಇಲ್ಲ."

ನಾನು ಬೇಜಾರು ಮಾಡಿಕೊಳ್ಳಲಿಲ್ಲ. ನನಗೂ ಆ ನಂಬಿಕೆ ಇರಲಿಲ್ಲ.

ಮನೆಯ ಮುಂದಿನ ಚಪ್ಪರದಲ್ಲಿ ಅವನ ತಮ್ಮ ಗೋವಿಂದ ಗಣಪತಿಯ ವಿಗ್ರಹವನ್ನು ಉಜ್ಜಿ ನಯ ಮಾಡುತ್ತಿದ್ದ. ಅಣ್ಣ ಒಂದು ಮೂಲೆಯಲ್ಲಿ ಒರಳುಕಲ್ಲು ಕೆತ್ತುತ್ತಿದ್ದ. ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ಬಿಡಿಸುವುದು ಆ ಕಸುಬಿನಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ. ಆ ಮನೆಯಲ್ಲಿ ಅದು ವೆಂಕಟೇಶಪ್ಪನ ಪಾಲಿನದಾಗಿತ್ತು. ಅವನು ಅದನ್ನು ಬಿಟ್ಟಿದ್ದ.

"ನೋಡಿ ಸಾರ್ ನಮ್ಮಣ್ಣನ್ನ," ಎಂದ ಗೋವಿಂದ. "ದೇವ್ರಿಗೇ ಕಣ್ಣು ಬಿಡಿಸ್ತಿದ್ದೋನು, ಈಗ ತಾನೇ ಕಣ್ಮುಚ್ಕೊಂಡು ಕೂತ್ಕಂತಾನೆ."

"ಕಣ್ಮುಚ್ಕೊಂಡ್ರೂ ನೀನ್ ಕದಿಯೋ ಬೀಡಿ ಕಾಣ್ತದೆ ಕಣ್ಲಾ" ಎಂದ ವೆಂಕಟೇಶಪ್ಪ. ಇಬ್ಬರೂ ನಕ್ಕರು. ನಗು ಅವನಿಗೆ ಕೆಮ್ಮಾಗಿ ತಿರುಗಿತು.

ನಮ್ಮ ಮಾತ್ರೆಯ ಪಟ್ಟಿಗೆ ಒಂದು ರಟ್ಟಿನ ಕವರು ಇರುತ್ತಿತ್ತು. ಮಾತ್ರೆಯನ್ನು ಒತ್ತಿ ತೆಗೆದರೆ ಅದರ ಹಿಂದೆ ಅಡಗಿದ್ದ ಫೋನ್ ನಂಬರು ಕಾಣುತ್ತದೆ. ರೋಗಿ ಆ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ನನ್ನ ಮೊಬೈಲಿನಲ್ಲಿ ಆ ದಿನಕ್ಕೆ ಹಸಿರು ಗುರುತು ಬೀಳುತ್ತದೆ. ಆದರೆ ಮಾತ್ರೆ ಬಾಯಿಗೆ ಹೋಯಿತೋ ಮೋರಿಗೆ ಹೋಯಿತೋ ಆ ಗುರುತು ಹೇಳುವುದಿಲ್ಲ.

ವೆಂಕಟೇಶಪ್ಪನ ಕಾಲ್ ದಿನವೂ ಬೆಳಿಗ್ಗೆ ಆರಕ್ಕೆ ಬರುತ್ತಿತ್ತು. ಭಾನುವಾರವೂ ಆರಕ್ಕೆ, ಯುಗಾದಿಯ ದಿನವೂ ಆರಕ್ಕೆ. ಅಷ್ಟು ವರ್ಷದ ಕೆಲಸದಲ್ಲಿ ಅಂಥ ರೋಗಿಯನ್ನು ನಾನು ಕಂಡಿರಲಿಲ್ಲ. ಎಂಥ ಒಳ್ಳೆಯವರೂ ತಿಂಗಳಿಗೆ ಒಂದೆರಡು ದಿನ ಮರೆಯುತ್ತಾರೆ. ಇಷ್ಟು ನೇರವಾಗಿರುವುದು ಯಾವುದೋ ನಾಟಕವೇ ಇರಬೇಕು ಅನ್ನಿಸಿತು.

ಮೇ ತಿಂಗಳಲ್ಲಿ ಎರಡು ತಿಂಗಳ ಚಿಕಿತ್ಸೆ ಮುಗಿದು ಕಫ ಪರೀಕ್ಷೆಯಾಯಿತು. ರೋಗಾಣು ಇನ್ನೂ ಇತ್ತು. ತೂಕ ಅರ್ಧ ಕೆ.ಜಿ.ಯೂ ಏರಿರಲಿಲ್ಲ. ಹೀಗಾದಾಗ ಕಫದ ಮಾದರಿಯನ್ನು ಕೂಡಲೇ ಮೇಲಿನ ಲ್ಯಾಬಿಗೆ ಕಳಿಸಬೇಕು. ರೋಗಾಣು ಔಷಧಿಗೆ ಬಗ್ಗುತ್ತಿದೆಯೋ ಇಲ್ಲವೋ ಅಲ್ಲಿ ತಿಳಿಯುತ್ತದೆ. ನಾನು ಕಳಿಸಲಿಲ್ಲ. ಬಗ್ಗದಿರುವುದು ರೋಗಾಣುವಲ್ಲ, ಈ ಮನುಷ್ಯ ಎಂದು ತೀರ್ಮಾನಿಸಿಬಿಟ್ಟಿದ್ದೆ. ಕಾರ್ಡಿನಲ್ಲಿ "ಮಾತ್ರೆ ಕ್ರಮವಾಗಿ ಸೇವಿಸುತ್ತಿಲ್ಲ" ಎಂದು ಬರೆದೆ. ಮೊದಲು ಅವನನ್ನು ಹಿಡಿಯೋಣ, ಮಾದರಿ ಆಮೇಲೆ ಕಳಿಸಿದರಾಯಿತು ಎಂದುಕೊಂಡೆ.

ಮೂರು ಸಲ ಹೇಳದೆ ಕೇಳದೆ ಹೋದೆ. ಮಾತ್ರೆ ಪಟ್ಟಿಗಳನ್ನು ತೆಗೆಸಿ ನೋಡಿದೆ. ಮನೆಯ ಹಿಂದಿನ ಮೋರಿ ನೋಡಿದೆ. ಕಲ್ಲಿನ ಪುಡಿಯ ಗುಡ್ಡೆಯನ್ನು ಕೋಲಿನಿಂದ ಕೆದಕಿದೆ. ಅವನ ಹೆಂಡತಿ ರತ್ನಮ್ಮ ಬಾಗಿಲಲ್ಲಿ ನಿಂತು, "ಏಮಯ್ಯಾ, ಸಾರ್ ಏನೋ ಕಳ್ಕೊಂಡವ್ರೆ ನೋಡು" ಎಂದು ಗಂಡನನ್ನು ಕೂಗಿದಳು.

ಮೂರನೆಯ ಸಲ ಬೆಳಿಗ್ಗೆ ಎಂಟಕ್ಕೆ ಹೋಗಿ ಮೂತ್ರದ ಮಾದರಿ ಕೇಳಿದೆ. ನಮ್ಮ ಮಾತ್ರೆಗಳಲ್ಲಿ ಒಂದು ಹೊಟ್ಟೆಗೆ ಹೋದರೆ ಮೂತ್ರ ಕೆಂಪಾಗುತ್ತದೆ, ಸುಳ್ಳು ಹೇಳುವವರನ್ನು ಹಿಡಿಯಲು ಇದು ಹಳೆಯ ಉಪಾಯ. ಅವನು ಕೂಡಲೇ ಡಬ್ಬಿಯಲ್ಲಿ ತಂದುಕೊಟ್ಟ. ಒಳ್ಳೆಯ ಕಿತ್ತಳೆಗೆಂಪು ಬಣ್ಣವಿತ್ತು.

"ಸಾಕಾ ಸಾರ್?"

"ಇವತ್ತು ತಗೊಂಡಿದ್ದೀಯ" ಎಂದೆ.

ಅವನು ನನ್ನನ್ನೇ ನೋಡಿದ. "ದಿನಾ ಆರಕ್ಕೆ ಪ್ರಾರ್ಥನೆಗೆ ಕೂತ್ಕೋತೀನಿ ಸಾರ್. ಯೇಸಪ್ಪನ ಹೆಸರು ಹೇಳಿ ನುಂಗ್ತೀನಿ. ಆತನ ಮುಂದೆ ಸುಳ್ಳು ಹೇಳೋಕೆ ಆಯ್ತದಾ?"

ನಾನು ಬೈಕು ಹತ್ತಿದೆ. ಅವನ ಆ ಮಾತೇ ನನ್ನ ಅನುಮಾನವನ್ನು ಇನ್ನಷ್ಟು ಗಟ್ಟಿಮಾಡಿತು.

ಜೂನ್ ಎರಡನೆಯ ವಾರ ಒಂದು ದಿನ ಆರಕ್ಕೆ ಕಾಲ್ ಬರಲಿಲ್ಲ. ಆರೂವರೆಗೂ ಇಲ್ಲ, ಏಳಕ್ಕೂ ಇಲ್ಲ. ನನಗೆ ಸಂತೋಷವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಸಂತೋಷವೇ. ಸಿಕ್ಕಿಬಿದ್ದ ಎಂದುಕೊಂಡು ಬೈಕು ತೆಗೆದೆ.

ಚಪ್ಪರದಲ್ಲಿ ವೆಂಕಟೇಶಪ್ಪ ಗೋಡೆಗೆ ಒರಗಿ ಕೂತಿದ್ದ. ಎದೆಯ ಮೇಲಿನ ಟವೆಲು ರಕ್ತದಿಂದ ನೆನೆದಿತ್ತು. ಆಟೋದವನಿಗೆ ಫೋನ್ ಮಾಡಲು ಅಣ್ಣನ ಮೊಬೈಲು ಗೋವಿಂದನ ಕೈಯಲ್ಲಿತ್ತು. ನನ್ನನ್ನು ಕಂಡು ವೆಂಕಟೇಶಪ್ಪ ಮಾತ್ರೆಯ ಪಟ್ಟಿಯನ್ನು ಎತ್ತಿ ತೋರಿಸಿದ. ಆ ದಿನದ ಮಾತ್ರೆಯ ಜಾಗ ಖಾಲಿಯಾಗಿತ್ತು.

"ನುಂಗಿದೀನಿ ಸಾರ್. ಕಾಲ್ ಒಂದು ಮಾಡಕ್ಕಾಗ್ಲಿಲ್ಲ."

ಅವನನ್ನು ಆಸ್ಪತ್ರೆಗೆ ಸೇರಿಸಿ, ಐದು ವಾರ ತಡವಾಗಿ ಮಾದರಿ ಕಳಿಸಿದೆ. ಫಲಿತಾಂಶ ಬಂತು. ನಾವು ಕೊಡುವ ಎರಡು ಮುಖ್ಯ ಔಷಧಿಗಳಲ್ಲಿ ಒಂದಕ್ಕೆ ಅವನ ರೋಗಾಣು ಮೊದಲಿನಿಂದಲೂ ಬಗ್ಗುತ್ತಿರಲಿಲ್ಲ. ಅವನು ಒಂದು ದಿನವೂ ತಪ್ಪಿಸಿರಲಿಲ್ಲ. ಅಷ್ಟರಲ್ಲಿ ಎಡ ಶ್ವಾಸಕೋಶದ ಮೇಲ್ಭಾಗ ಹಾಳಾಗಿತ್ತು. ಐದು ವಾರ ಮೊದಲೇ ಔಷಧಿ ಬದಲಿಸಿದ್ದರೆ ಎಷ್ಟು ಉಳಿಯುತ್ತಿತ್ತೆಂದು ವೈದ್ಯರೂ ಹೇಳಲಾರರು. ನಾನಂತೂ ಅದನ್ನೇ ಕೇಳಿಕೊಳ್ಳುತ್ತಿರುತ್ತೇನೆ.

ವಾರ್ಡಿಗೆ ಹೋಗಿ ಅವನ ಮುಂದೆ ಎಲ್ಲವನ್ನೂ ಹೇಳಿದೆ. ಮಾದರಿ ಕಳಿಸದೆ ಇದ್ದದ್ದು, ಕಾರ್ಡಿನಲ್ಲಿ ಬರೆದದ್ದು, ಆ ಬೆಳಿಗ್ಗೆಯ ಸಂತೋಷ. ರತ್ನಮ್ಮ ಎದ್ದು ಹೊರಗೆ ಹೋದಳು. ಅವನು ಟವೆಲಿನಿಂದ ಬಾಯಿ ಒರೆಸಿಕೊಂಡ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಕೊನೆಗೆ ನಾನೇ ಕೇಳಿದೆ. "ಇಷ್ಟು ದಿನ ಆತನ ಹೆಸರು ಹೇಳಿ ನುಂಗಿದ್ದು ಕೆಲ್ಸ ಮಾಡ್ಲಿಲ್ಲವಲ್ಲ. ಈಗ್ಲೂ ನಂಬ್ತೀಯಾ?" ಅವನನ್ನು ಕೇಳಿದಂತೆ ಕಂಡರೂ ನಾನು ಕೇಳುತ್ತಿದ್ದುದು ಬೇರೆ ಯಾರನ್ನೋ.

"ವಾಸಿ ಮಾಡ್ತೀನಿ ಅಂತ ಆತ ನಂಗೆ ಮಾತು ಕೊಟ್ಟಿಲ್ಲ ಸಾರ್. ಜೊತೇಲಿರ್ತೀನಿ ಅಂದವ್ನೆ. ಅದುನ್ನ ಹಿಡ್ಕೊಂಡಿದೀನಿ. ಒಂದೊಂದ್ ದಿನ ಪ್ರಾರ್ಥನೆ ಗಂಟಲಿಂದ ಮೇಲಕ್ಕೇ ಬರಲ್ಲ. ಅವತ್ತೂ ಕೂತ್ಕೋತೀನಿ." ಸ್ವಲ್ಪ ಉಸಿರು ತೆಗೆದುಕೊಂಡು, "ನಿಮ್ ಮನೆಯವ್ರು ಹೋದ್ರಂತೆ, ಮಂಜುಳಮ್ಮ ಹೇಳಿದ್ರು. ಅವ್ರ ಹೆಸರೇನು ಸಾರ್?" ಎಂದ.

ಅವಳು ಹೋದ ನಾಲ್ಕು ತಿಂಗಳಲ್ಲಿ ಮೊದಲ ಸಲ ಸುಗುಣಳ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಅವನು ಹಾಸಿಗೆಯಲ್ಲೇ ಕಣ್ಣು ಮುಚ್ಚಿ ನನಗಾಗಿ ಪ್ರಾರ್ಥಿಸಿದ. ನಡುವೆ ಎರಡು ಸಲ ಕೆಮ್ಮಿ ನಿಲ್ಲಿಸಿ, ಮತ್ತೆ ಬಿಟ್ಟಲ್ಲಿಂದ ಹಿಡಿದ. ನಾನೂ ಕಣ್ಣು ಮುಚ್ಚಿದೆ.

ಹೊಸ ಔಷಧಿಗಳಿಂದ ಮುಂದಿನ ವರ್ಷದ ಜನವರಿಗೆ ಅವನು ರೋಗಮುಕ್ತನಾದ. ಕೆತ್ತನೆಗೆ ಬೇಕಾದ ಉಸಿರು ಮಾತ್ರ ಮರಳಲಿಲ್ಲ. ಈಗ ತಮ್ಮನ ಚಪ್ಪರದಲ್ಲಿ ಉಳಿಗಳನ್ನು ಮಸೆದುಕೊಟ್ಟು ಕೂರುತ್ತಾನಂತೆ. ಕಾರ್ಡಿನಲ್ಲಿ ನಾನು ಬರೆದಿದ್ದನ್ನು ಹೊಡೆದುಹಾಕಿ, ಕೆಳಗೆ ನನ್ನ ತಪ್ಪನ್ನು ಬರೆದು ಸಹಿ ಮಾಡಿದೆ.

ನಿವೃತ್ತಿಯವರೆಗೆ ಹೊಸಬರಿಗೆ ಒಂದೇ ಮಾತು ಹೇಳುತ್ತಿದ್ದೆ. ರೋಗಿ ಗುಣವಾಗದಿದ್ದರೆ ಮೊದಲು ಔಷಧಿಯನ್ನು ಅನುಮಾನಿಸಿ, ರೋಗಿಯನ್ನು ಕೊನೆಗೆ. ಅವರಿಗೆ ಹೇಳದ ಮಾತೊಂದಿದೆ. ಆ ವರ್ಷ ನನಗೆ ಅನುಮಾನವಿದ್ದದ್ದು ಯೇಸುವಿನ ಮೇಲೆ. ಆತನನ್ನು ನಂಬಿ ಬದುಕಿದ ಒಬ್ಬನನ್ನು ಸುಳ್ಳುಗಾರನೆಂದು ತೋರಿಸಿದ್ದರೆ ನನ್ನ ಕೋಪಕ್ಕೆ ಒಂದು ಆಧಾರ ಸಿಗುತ್ತಿತ್ತು. ಸಿಗಲಿಲ್ಲ. ಕೇಳಿದ್ದನ್ನು ಕೊಡದ ಯೇಸುವಿನ ಹತ್ತಿರವೇ ಮತ್ತೆ ಹೋಗಿ ಕೂರುವುದನ್ನು ಆ ಮನುಷ್ಯನಿಂದ ಕಲಿತೆ. ಅಂದಿನಿಂದ ಬಿಟ್ಟಿಲ್ಲ.

ಈಗ ದಿನವೂ ಬೆಳಿಗ್ಗೆ ಪ್ರಾರ್ಥನೆ ಮಾಡುತ್ತೇನೆ. ಮುಗಿದ ಮೇಲೆ ಆಮೆನ್ ಅನ್ನಲು ಮನೆಯಲ್ಲಿ ಸುಗುಣ ಇಲ್ಲ.