ನಾಲ್ಕೂವರೆಗೆ ಕಾಣೆಯಾಗುತ್ತಿದ್ದ ಪಾಠಗಳು

ಕೊರೊನಾ ತಣ್ಣಗಾದ ಮರುವರ್ಷ. ಚಾಮರಾಜನಗರದ ಒಂದು ಟ್ರಸ್ಟಿನ ಧ್ವನಿ ಗ್ರಂಥಾಲಯದಲ್ಲಿ ನಾನು ಗ್ರಂಥಪಾಲಕನಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಪಾಡ್‌ಕಾಸ್ಟ್‌ಗಳನ್ನು, ಅಂದರೆ ಇಂಟರ್ನೆಟ್ಟಿನಲ್ಲಿ ಕಂತುಕಂತಾಗಿ ಬರುವ ಮಾತು, ಪಾಠಗಳನ್ನು, ಮೆಮೊರಿ ಕಾರ್ಡಿಗೆ ತುಂಬಿ ಕಣ್ಣು ಕಾಣದ ಓದುಗರಿಗೆ ಕೊಡುವುದು ನಮ್ಮ ಕೆಲಸ. ನಾವು ಎಂದರೆ ನಾನು ಮತ್ತು ಅಟೆಂಡರ್ ಮಾದಯ್ಯ.

ಒಂದೊಂದೇ ಕಂತನ್ನು ಕೈಯಾರೆ ಡೌನ್‌ಲೋಡ್ ಮಾಡಿ ಸಾಕಾಗಿ, ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಹಾಕಿ ಆ ಕರ್ತವ್ಯವನ್ನು ಕ್ರಾನ್‌ಗೆ ವಹಿಸಿಕೊಟ್ಟೆ. ಕ್ರಾನ್ ಎಂದರೆ ಹೇಳಿದ ಹೊತ್ತಿಗೆ ಹೇಳಿದ್ದನ್ನು ಮಾಡುವ, ರಜೆಯನ್ನೂ ಬಡ್ತಿಯನ್ನೂ ಕೇಳದ ಗುಮಾಸ್ತ. ಬೆಳಿಗ್ಗೆ ಹತ್ತೂವರೆಗೆ ಪಟ್ಟಿಯಲ್ಲಿರುವ ಕಂತುಗಳನ್ನು ಇಳಿಸಿಕೊಳ್ಳಬೇಕು. ಸಂಜೆ ನಾಲ್ಕೂವರೆಗೆ, ಮೂವತ್ತು ದಿನ ದಾಟಿದ ಫೈಲುಗಳನ್ನು ಅಳಿಸಬೇಕು. ನಮ್ಮ ಡಿಸ್ಕ್ ಚಿಕ್ಕದು, ಎರಡು ಸಲ ತುಂಬಿ ಉಸಿರುಗಟ್ಟಿತ್ತು. ಎರಡೇ ಸಾಲಿನ ಆಜ್ಞೆ. ಮೂರು ತಿಂಗಳು ರಾಜ್ಯಭಾರ ಸುಗಮವಾಗಿ ನಡೆಯಿತು.

ಆಗ ನಾಗರತ್ನಮ್ಮನ ಫೋನು ಬಂತು. ಹಂಗಳದವರು, ಗುಂಡ್ಲುಪೇಟೆಯ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್, ಹುಟ್ಟಿನಿಂದ ದೃಷ್ಟಿ ಇಲ್ಲ. ಇಲಾಖಾ ಪರೀಕ್ಷೆ ಪಾಸಾದರೆ ಬಡ್ತಿ. ಒಮ್ಮೆ ಬರೆದು ಫೇಲಾಗಿದ್ದರು. ಈ ಸಲದ ಪರೀಕ್ಷೆಗೆ ಇಪ್ಪತ್ತೊಂದು ದಿನ ಇತ್ತು. ನಿವೃತ್ತ ಮೇಷ್ಟರೊಬ್ಬರು ಎರಡು ವರ್ಷದ ಹಿಂದೆ ಸೇವಾ ನಿಯಮಗಳ ಮೇಲೆ ಇಪ್ಪತ್ತನಾಲ್ಕು ಪಾಠಗಳನ್ನು ಇಂಟರ್ನೆಟ್ಟಿಗೆ ಹಾಕಿದ್ದರು. ಅವು ಬೇಕು. ನಾಗರತ್ನಮ್ಮನದು ಬಟನ್ ಫೋನು, ಕಾರ್ಡೇ ಗತಿ.

ಪಟ್ಟಿಗೆ ಸೇರಿಸಿದೆ. ಮರುದಿನ ಇಪ್ಪತ್ತನಾಲ್ಕೂ ಇಳಿದದ್ದನ್ನು ಕಣ್ಣಾರೆ ಕಂಡೆ. ಅನುಮತಿ ಕೇಳಿ ಬೇಗ ಹೊರಟು ಬಸ್ಸು ಹಿಡಿದು ಅವರು ಐದು ಗಂಟೆಗೆ ಬಂದರು. ಕಾರ್ಡು ಸಿಕ್ಕಿಸಿದರೆ ಕಂಪ್ಯೂಟರೇ ನಕಲು ಮಾಡುವ ವ್ಯವಸ್ಥೆ ಇತ್ತು. ತೆರೆದು ನೋಡುವ ಸಣ್ಣತನ ತೋರದೆ ಕಾರ್ಡನ್ನು ಕೊಟ್ಟು ಕಳಿಸಿದೆ.

ಬೆಳಿಗ್ಗೆ ಫೋನು. "ಸಾ, ನಿಮ್ ಕಾರ್ಡು ಮೌನವ್ರತ ಮಾಡ್ತಾ ಅದೆ."

ಫೋಲ್ಡರ್ ತೆರೆದರೆ ಖಾಲಿ. ಲಾಗ್, ಅಂದರೆ ಯಂತ್ರ ಬರೆದಿಡುವ ದಿನಚರಿ, ಇಪ್ಪತ್ತನಾಲ್ಕೂ ಸ್ವೀಕೃತ ಎಂದು ಘನವಾಗಿ ಸಾರುತ್ತಿತ್ತು. ಮತ್ತೆ ಇಳಿಸು ಎಂದರೆ, ಆಗಲೇ ಇಳಿಸಿಯಾಗಿದೆ ಎಂದು ಒಪ್ಪಲಿಲ್ಲ. ಡಿಸ್ಕನ್ನು ಶಂಕಿಸಿದೆ, ಬಿಚ್ಚಿ ಒರೆಸಿದೆ. ಅಷ್ಟರಲ್ಲಿ ರಸ್ತೆ ಅಗೆದವರು ಕೇಬಲ್ಲನ್ನೂ ಅಗೆದರು. ಐದು ದಿನ ಇಂಟರ್ನೆಟ್ ಇಲ್ಲ. ಮೇಜು ಗುದ್ದಿದೆ; ಮೇಜಿನದೇನೂ ತಪ್ಪಿರಲಿಲ್ಲ. ಎಲ್ಲ ಸರಿಹೋಗಿ, ಆಗಲೇ ಇಳಿಸಿಯಾಗಿದೆ ಎಂಬ ದಾಖಲೆ ಅಳಿಸಿ ಮತ್ತೆ ಇಳಿಸುವ ಹೊತ್ತಿಗೆ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು.

ಈ ಸಲ ನಾಗರತ್ನಮ್ಮ ಅರ್ಧ ದಿನ ರಜೆ ಹಾಕಿ ನಾಲ್ಕು ಗಂಟೆಗೇ ಬಂದರು. "ಕಾರ್ಡ್ ಆಮೇಕೆ ಸಾ. ಮೊದ್ಲು ಇಲ್ಲೇ ಕೇಳ್ಬೇಕು. ನಿಮ್ಮನ್ನ ನಂಬ್ಕಂಡು ಒಂದ್ಸಲ ಬಸ್ ಹತ್ತಿದ್ದಾಯ್ತು."

ಹೆಡ್‌ಫೋನು ಕೊಟ್ಟೆ. ಮೊದಲ ಪಾಠ ಕೇಳಿ ಮುಗಿಸಿ ತಲೆ ಎತ್ತಿದರು.

"ಎರಡ್ನೇದು ಬರ್ನಿಲ್ಲ. ಗಂಟೆ ಎಷ್ಟು ಸಾ?"

"ನಾಲ್ಕು ಮೂವತ್ತೈದು."

"ಹೋದ್ಸಲ ನಾ ಬಂದಾಗ ಐದಾಗಿತ್ತು. ನಾಕೂವರೆಗೆ ಇಲ್ಲೇನ್ ನಡೀತದೆ?"

ಫೋಲ್ಡರ್ ಮತ್ತೆ ಖಾಲಿ. ಆಗಲೇ ತೆರೆದಿದ್ದ ಮೊದಲ ಪಾಠವಷ್ಟೇ ಕೊನೆಯವರೆಗೆ ಓಡಿತ್ತು. ನಾಲ್ಕೂವರೆಗೆ ನಡೆಯುವುದು ಶುದ್ಧೀಕರಣವೆಂದೂ, ಅದು ಮೂವತ್ತು ದಿನ ದಾಟಿದ್ದನ್ನಷ್ಟೇ ಮುಟ್ಟುವುದೆಂದೂ, ಇವು ಇವತ್ತು ಬೆಳಿಗ್ಗೆ ಬಂದವೆಂದೂ ನಿವೇದಿಸಿದೆ. ಮೂಲೆಯಲ್ಲಿ ಪುಸ್ತಕಗಳಿಗೆ ಬಂದ ದಿನಾಂಕದ ಮೊಹರು ಒತ್ತುತ್ತಿದ್ದ ಮಾದಯ್ಯ ಕೈ ನಿಲ್ಲಿಸಿದ.

"ಬಂದದ್ದು ಇವತ್ತೇಯ ಸಾ. ಆ ಮೇಷ್ಟ್ರು ಮಾಡಿದ್ದು ಯಾವಾಗ?"

"ಎರಡು ವರ್ಷ ಆಯ್ತು."

"ನಿಮ್ ಮಿಸನ್ನು ಅಚ್ಚಾದ ವರ್ಸ ನೋಡ್ಬುಟ್ಟು ರದ್ದು ಮಾಡ್ತಾ ಅದೆಯೇನೋ ನೋಡಿ. ನಮ್ ಮೊಹರು ನೋಡ್ತಿಲ್ಲ ಕಣ ಸಾ ಅದು."

ಒಂದು ಪಾಠವನ್ನು ಇಳಿಸಿ ಫೈಲಿನ ದಿನಾಂಕ ನೋಡಿದೆ. ಎರಡು ವರ್ಷ ಹಳೆಯದು. ನಾನು ಬಳಸಿದ ಡಬ್ಲ್ಯೂಗೆಟ್ ಎಂಬ ಡೌನ್‌ಲೋಡ್ ಸಾಧನ, ಫೈಲು ನಮ್ಮಲ್ಲಿಗೆ ಬಂದ ದಿನವನ್ನಲ್ಲ, ಮೂಲ ಸರ್ವರಿನಲ್ಲಿರುವ ದಿನವನ್ನೇ ಅದರ ಹಣೆಗೆ ಬರೆಯುತ್ತದೆ. ಮೂರು ತಿಂಗಳು ಹೊಸ ಕಂತುಗಳನ್ನಷ್ಟೇ ತರಿಸಿದ್ದರಿಂದ ಅದು ಬಯಲಾಗಿರಲಿಲ್ಲ. ಪುಸ್ತಕ ಅಚ್ಚಾದ ವರ್ಷ ಬೇರೆ, ಗ್ರಂಥಾಲಯಕ್ಕೆ ಸೇರಿದ ದಿನ ಬೇರೆ. ಮೂವತ್ತು ವರ್ಷ ಹೊಸಬರಿಗೆಲ್ಲ ನಾನು ಮೊದಲ ದಿನ ಹೇಳಿಕೊಡುತ್ತಿದ್ದ ಪಾಠವೇ ಇದು. ಹರಿದ ವಾರಪತ್ರಿಕೆ ರದ್ದು ಮಾಡಲು ಮೂವರ ಸಹಿ ಕೇಳುತ್ತಿದ್ದವನು, ತುಟಿಪಿಟಕ್ಕೆನ್ನದೆ ಅಳಿಸುವ ಯಂತ್ರದಿಂದ ಒಂದು ಸಹಿಯನ್ನೂ ಕೇಳಿರಲಿಲ್ಲ.

"ಸಾ," ಎಂದರು ನಾಗರತ್ನಮ್ಮ, "ಬೈಕಳದು ಆಮೇಲ್ ಬೈಕಳಿ. ಆರೂವರೆ ಬಸ್ಸಿಗೆ ಎಷ್ಟ್ ಪಾಠ ಆಗ್ತವೆ?"

ಶುದ್ಧೀಕರಣ ನಿಲ್ಲಿಸಿ ಮತ್ತೆ ಇಳಿಸಿದೆ; ಆಮೆಗತಿಯ ಇಂಟರ್ನೆಟ್ಟಿನಲ್ಲಿ ಹನ್ನೊಂದು ಕಾರ್ಡಿಗೆ ಸೇರಿದವು. ಉಳಿದವು ಮರುದಿನ ಅವರ ಸಹೋದ್ಯೋಗಿಯ ಕೈಲಿ ಹೋದವು. ಕಚೇರಿ ಕೆಲಸದ ನಡುವೆ ಅವರಿಗೆ ಹದಿನಾರರವರೆಗಷ್ಟೇ ಕೇಳಲಾಯಿತು. ಐದು ಅಂಕದಲ್ಲಿ ಪರೀಕ್ಷೆ ಹೋಯಿತು.

ಫೋನಿನಲ್ಲಿ ನಾನು ಸಮಾಧಾನ ಹೇಳಲು ಹೊರಟರೆ ಅವರೇ ತಡೆದರು. "ತಪ್ಪು ನಿಮ್ದೇಯ ಸಾ, ಅದ್ರಲ್ಲೇನು. ಮುಂದ್ಲ ಸಲ ಬರೀತೀನಿ. ಕಾರ್ಡ್ ವಾಪಸ್ ಕೊಡ್ತೀನಿ, ಹದಿನೇಳ್ನೇದ್ರಿಂದ ಮಿಕ್ಕವು ಅಳಿಸ್ಬ್ಯಾಡಿ."

ತರುವ ಕೆಲಸವನ್ನು ಯಂತ್ರಕ್ಕೆ ಬಿಟ್ಟು ಮಲಗಬಹುದು. ತೆಗೆಯುವ ಕೆಲಸಕ್ಕೆ ಒಬ್ಬ ಮನುಷ್ಯ ಎಚ್ಚರವಾಗಿರಬೇಕು. ವೃತ್ತಿ ಇದನ್ನು ನನಗೆ ತಡವಾಗಿ, ಬೇರೆಯವರ ಐದು ಅಂಕ ತೆತ್ತು ಕಲಿಸಿತು. ಆಮೇಲೆ ಅಳಿಸಬೇಕಾದವುಗಳ ಪಟ್ಟಿಯನ್ನು ಯಂತ್ರ ಕೊಡುತ್ತಿತ್ತು, ಮಾದಯ್ಯ ಓದುತ್ತಿದ್ದ, ನಾನು ಸಹಿ ಹಾಕುತ್ತಿದ್ದೆ.

ನಿವೃತ್ತಿಯ ದಿನ ಚಾರ್ಜ್ ಒಪ್ಪಿಸುವ ಪಟ್ಟಿಯಲ್ಲಿ, ಬೀರು ಕುರ್ಚಿಗಳಿಗೆಲ್ಲ ಮೇಲೆ, ಮೊದಲ ಸಾಲಿನಲ್ಲಿ ಬರೆದೆ: 'ಸೇವಾ ನಿಯಮಗಳ ಪಾಠ, ಇಪ್ಪತ್ತನಾಲ್ಕು. ನಾಗರತ್ನಮ್ಮನವರು ಪಾಸಾಗುವವರೆಗೆ ಅಳಿಸತಕ್ಕದ್ದಲ್ಲ.' ಹೊಸದಾಗಿ ಬಂದ ಗ್ರಂಥಪಾಲಕರು ಎರಡು ಸಲ ಓದಿ ಸಹಿ ಹಾಕಿದರು.