ಎರಡು ಕೆಮ್ಮಿನ ಹುಡುಗಿ

ಕಾನ್ವೆಂಟಿನಲ್ಲಿ ಪದ್ಯದ ಒಂದು ಸಾಲು ಕೊಟ್ಟು ‘ಸಂದರ್ಭ ಸಹಿತ ವಿವರಿಸಿ’ ಎನ್ನುತ್ತಿದ್ದರು. ಆ ನಾಲ್ಕು ಅಂಕದ ವಿದ್ಯೆ ಈ ವಯಸ್ಸಿನಲ್ಲಿ ನನ್ನ ತಲೆ ತಿನ್ನುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನನ್ನ ಗಂಡನ ಅಣ್ಣ ಗಲ್ಫಿನ ಕೆಲಸ ಮುಗಿಸಿ ಬಂದು ದೇರೆಬೈಲಿನಲ್ಲಿದ್ದಾರೆ. ಈಗ ತುಳುವಿನಲ್ಲಿ ಹಾಡು ಬರೆಯುತ್ತಾರೆ. ಹೊಸ ಹಾಡನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಹಾಡಿನ ತುಂಬ ದೂರದೇಶದ ಕೋಣೆಯಲ್ಲಿ ಕೇಳಿದ ಒಂದು ಹೆಣ್ಣುಸ್ವರ. ಮಾತಿಗೆ ಮೊದಲು ಎರಡು ಸಣ್ಣ ಕೆಮ್ಮು, ಮಾತಿನ ಹಿಂದೆ ತೆಂಗಿನಕಾಯಿ ತುರಿಯುವ ಸದ್ದು. ಕೊನೆಗೆ, ‘ಆ ಹುಡುಗಿ ಈಗ ಎಲ್ಲಿ?’

ಮರುದಿನ ಬೆಳಿಗ್ಗೆಯೇ ಅವರ ಹೆಂಡತಿ ಕದ್ರಿಯ ನಮ್ಮ ಮನೆಗೆ ಬಂದರು. ನಾನು ಅವರನ್ನು ಅಕ್ಕ ಎನ್ನುವುದು. ಚಪ್ಪಲಿ ಒಂದು ಮೆಟ್ಟಿಲ ಮೇಲೆ, ಇನ್ನೊಂದು ಅಂಗಳದಲ್ಲಿ.

“ನೀನು ಕಲಿತವಳಲ್ವಾ, ಹೇಳು. ಯಾರವಳು?”

“ಅದು ಹಾಡಲ್ವಾ ಅಕ್ಕ.”

“ಸುಮ್ಮನೆ ಕಟ್ಟಿದ ಹಾಡಿನಲ್ಲಿ ಕೆಮ್ಮು ಬರ್ತದಾ ಮಾರಾಯ್ತಿ? ಅಲ್ಲಿ ಯಾರೋ ಇದ್ದಳು. ಭಾನುವಾರ ಗೆಳೆಯರ ಎದುರು ಹಾಡ್ತಾರಂತೆ. ಹಾಡ್ಲಿ. ನಾನು ಬರುವುದಿಲ್ಲ.”

ಒಳಗೆ ಹೋಗಿ ಭಾವನಿಗೆ ಫೋನ್ ಮಾಡಿದೆ. “ಹಾಡಿನ ಅರ್ಥ ಕೇಳಬಾರದು, ಅನುಭವಿಸಬೇಕು” ಎಂದರು. ಅನುಭವಿಸುತ್ತಿದ್ದವಳು ನಾನು! ಕಾವಲಿಯ ಮೇಲೆ ದೋಸೆ ಕರಟಿಹೋಗಿತ್ತು.

ಅದನ್ನು ಕೆರೆಯುವಾಗ ನೆನಪಾಯಿತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಕ್ಕ ಗಂಡನಿಗೆ ಪತ್ರ ಬರೆಯುತ್ತಿರಲಿಲ್ಲ. ಅಡುಗೆಕೋಣೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಮಾತಾಡಿ, ಊರಿಂದ ಹೊರಟವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದರು. ಪಕ್ಕದಲ್ಲಿ ಅತ್ತೆ ಕಾಯಿ ತುರಿಯುತ್ತಿದ್ದರು. ಭಾವ ಅದೇ ಕ್ಯಾಸೆಟ್ಟಿನ ಮೇಲೆ ತಮ್ಮ ಉತ್ತರ ತುಂಬಿಸಿ ಕಳಿಸುವರು. ಹಾಗಾಗಿ ತನ್ನ ಸ್ವರ ಅಲ್ಲಿ ಹೇಗೆ ಕೇಳಿಸಿತೆಂದು ಅಕ್ಕನಿಗೆ ಗೊತ್ತೇ ಇಲ್ಲ.

“ಅದು ನೀವೇ, ಅಕ್ಕ.”

“ಎಂತ ತಮಾಷೆ ಮಾಡ್ತೀಯಾ? ನಾನು ಎಲ್ಲಿ ಕೆಮ್ಮುವುದು?”

ನನ್ನ ಫೋನಿನಲ್ಲಿ ಅವರದೇ ವಾಯ್ಸ್ ಮೆಸೇಜುಗಳು ರಾಶಿ ಬಿದ್ದಿದ್ದವು. ಒಂದನ್ನು ಒತ್ತಿದೆ. ಎರಡು ಸಣ್ಣ ಕೆಮ್ಮು, ಆಮೇಲೆ, “ನಾಳೆ ಬರುವಾಗ ಕರಿಬೇವು ತಾ.” ಇನ್ನೊಂದು. ಮತ್ತೆ ಎರಡು ಕೆಮ್ಮು. ಮೂರನೆಯದಕ್ಕೆ ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

ಸದ್ಯ, ಮುಗಿಯಿತು ಎಂದು ನಾನು ಹೊಸ ದೋಸೆ ಹುಯ್ದೆ.

“ಹಾಗಾದ್ರೆ ‘ಈಗ ಎಲ್ಲಿ’ ಅಂತ ಕೇಳುವುದು ಎಂತಕ್ಕೆ?” ಅಕ್ಕನ ಸ್ವರ ಏರಿತು. “ಮೂರು ಹೊತ್ತು ಅವರ ಬಟ್ಟಲಿಗೆ ಅನ್ನ ಬಡಿಸುವುದು ಯಾರು?”

ಈ ಸಾಲನ್ನು ಸಂದರ್ಭ ಸಹಿತ ವಿವರಿಸಲು ಭಾವನೇ ಬರಬೇಕಿತ್ತು. ಅವರಿಗಾದರೂ ಗೊತ್ತೋ, ದೇವರೇ ಬಲ್ಲ.

ಅಕ್ಕ ದೋಸೆಯನ್ನೂ ತಿನ್ನದೆ ಎದ್ದರು. ಚಪ್ಪಲಿಗಳನ್ನು ಹುಡುಕಿ ಹಾಕಿಕೊಂಡರು.

“ಭಾನುವಾರ ನಾನು ಬರ್ತೇನೆ. ಎದುರು ಸಾಲಿನಲ್ಲೇ ಕೂರ್ತೇನೆ. ‘ಎಲ್ಲಿ’ ಅಂತ ಹಾಡ್ಲಿ, ಎರಡು ಸಲ ಕೆಮ್ಮಿ ತೋರಿಸ್ತೇನೆ.”