ಬಂಗುಡೆ ಹೆಚ್ಚುವಾಗ ಬಂದ ಜೋಗುಳ

ಮೊಮ್ಮಕ್ಕಳೇ, ಫೋನು ಹಿಡಿದು ಎದುರು ಕುಳಿತ ಹುಡುಗಿಗೆ ಜೋಗುಳದ ಎರಡು ಸಾಲು ಹೇಳಿ ನಾನು ನಿಂತುಬಿಟ್ಟೆ. ಮುಂದಿನದು ನೆನಪಾಗಲೇ ಇಲ್ಲ.

ಆಕೆ ಭಟ್ಕಳದವಳು. ಅಲ್ಲಿನ ನವಾಯತ ಮುಸ್ಲಿಮರ ಮನೆಗಳ ಹೆಂಗಸರ ಹಾಡುಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಳು. ತೀರಿಹೋದ ಅವಳ ಅಜ್ಜಿ ತೊಟ್ಟಿಲು ತೂಗುತ್ತ ಹೇಳುತ್ತಿದ್ದ ಹಾಡು ಈಗ ಆ ಮನೆಯಲ್ಲಿ ಯಾರಿಗೂ ಪೂರ್ತಿ ಬರುವುದಿಲ್ಲವಂತೆ. ತೆಂಗಿನಗುಂಡಿ ಬಂದರಿನಿಂದ ಮೀನು ಹೊತ್ತು ಅವರ ಹಿತ್ತಿಲಿಗೆ ಹೋಗಿ ಹೆಚ್ಚಿಕೊಡುತ್ತಿದ್ದ ನಾನು ಕೇಳಿರಬಹುದೆಂದು ಹುಡುಕಿಕೊಂಡು ಬಂದಿದ್ದಳು.

"ಸುಮ್ನೆ ಕೂತ್ರೆ ಬರೂದಿಲ್ಲ ಮಗಾ. ಆಗ ಕೈಯಲ್ಲಿ ಮೀನು ಇರ್ತಿತ್ತು" ಎಂದೆ, ನಾಚುತ್ತ.

ಹುಡುಗಿ ಎದ್ದು ಪೇಟೆಗೆ ಹೋಗಿ ಬಂಗುಡೆ ತಂದಳು.

"ಎಂತಾ ಮೆತ್ತನ ಹಳೇ ಮೀನು ತಂದ್ಯೇ! ನಿನ್ನಜ್ಜಿ ಆಗಿದ್ರೆ ಬುಟ್ಟಿ ಇಳಿಸೂಕೇ ಬಿಡ್ತಿರ್ಲಿಲ್ಲ."

ಅವಳು ನಕ್ಕಳು. ನಾನು ಮೆಟ್ಟುಗತ್ತಿಯ ಮುಂದೆ ಕುಳಿತು ಒಂದೊಂದೇ ಮೀನು ಹೆಚ್ಚತೊಡಗಿದೆ. ಮೂರನೆಯ ಮೀನಿಗೆ ಮೂರನೆಯ ಸಾಲು ಬಂತು; ಆಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಕೊನೆಯ ಸಾಲಿನಲ್ಲಿ ತೊಟ್ಟಿಲ ಮಗುವಿನ ಹೆಸರು ಬರುತ್ತದೆ. ನಾನು ಕೇಳಿದ್ದ ಹೆಸರನ್ನೇ ಹೇಳಿದೆ.

"ಅದು ನನ್ನ ಅಮ್ಮನ ಹೆಸರು" ಎಂದಳು ಹುಡುಗಿ. ತಾಯಿಗೆ ಫೋನು ಹಚ್ಚಿ, ನನ್ನ ಕೈಯೆಲ್ಲ ಮೀನಿನ ನೀರಾಗಿದ್ದರಿಂದ ತಾನೇ ನನ್ನ ಬಾಯಿಯ ಹತ್ತಿರ ಹಿಡಿದಳು. ಇನ್ನೊಮ್ಮೆ ಪೂರ್ತಿ ಹೇಳಿದೆ.

ಮೊಮ್ಮಕ್ಕಳೇ, ಆ ಮನೆಯ ಹಿತ್ತಿಲು ದಾಟಿ ನಾನು ಒಳಗೆ ಹೋದವಳಲ್ಲ. ಅವರ ಹಾಡು ಮಾತ್ರ ಇಷ್ಟು ವರ್ಷ ನನ್ನ ಬಳಿಯೇ ಇತ್ತು.